ಚಪ್ಪಾಳೆ ಮೇಡಂ ಲೆಕ್ಕ ಹಾಕಿದ ಗೋಡೆ

ಕಟ್ಟಡ ಕಟ್ಟುವವರಿಗೆ ಅವಳ ನಿಜವಾದ ಹೆಸರು ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಗಾರೆಯವನಿಂದ ಹಿಡಿದು ಗುತ್ತಿಗೆದಾರನವರೆಗೆ ಎಲ್ಲರಿಗೂ ಅವಳು ಚಪ್ಪಾಳೆ ಮೇಡಂ. ಬಾಗಿಲು ಕಿಟಕಿ ಇನ್ನೂ ಕೂರಿಸದ, ಹಸಿ ಸಿಮೆಂಟಿನ ವಾಸನೆ ಹೊಡೆಯುವ ಕೋಣೆಯ ನಟ್ಟನಡುವೆ ಹಳದಿ ಹೆಲ್ಮೆಟ್ ಹಾಕಿದ ಹೆಂಗಸೊಬ್ಬಳು ನಿಂತು, ಪಟ್ ಎಂದು ಒಂದೇ ಒಂದು ಚಪ್ಪಾಳೆ ಹೊಡೆದು, ಆ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಸಾಯುವುದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರೆ, ನೋಡಿದವರು ಬೇರೇನು ಹೆಸರಿಟ್ಟಾರು?

ಚಪ್ಪಾಳೆ ಹೊಡೆಯುವುದು ಅವಳ ಕೆಲಸದ ಚೂರು ಭಾಗ ಮಾತ್ರ. ಉಳಿದದ್ದೆಲ್ಲ ಕಂಪ್ಯೂಟರಿನ ಮುಂದೆ. ಇನ್ನೂ ಎದ್ದು ನಿಲ್ಲದ ಗೋಡೆ ಎಷ್ಟು ಸದ್ದನ್ನು ತಡೆಯುತ್ತದೆ, ಎಷ್ಟನ್ನು ಬಿಟ್ಟುಕೊಡುತ್ತದೆ, ಮೇಲಿನ ಮನೆಯವರು ಕುರ್ಚಿ ಎಳೆದರೆ ಕೆಳಗಿನ ಮನೆಯವರ ನಿದ್ದೆ ಕೆಡುತ್ತದೋ ಇಲ್ಲವೋ, ಎಲ್ಲವನ್ನೂ ನಕ್ಷೆ ನೋಡಿಯೇ ಹೇಳಬೇಕು. ಅವಳು ಹೇಳುತ್ತಿದ್ದಳು. ಕಟ್ಟಡ ಮುಗಿದ ಮೇಲೆ ಯಂತ್ರ ತಂದು ಅಳೆದರೆ ಅವಳ ಅಂಕಿಗೂ ಯಂತ್ರದ ಅಂಕಿಗೂ ಕೂದಲೆಳೆಯಷ್ಟೇ ವ್ಯತ್ಯಾಸ. ಅದರ ಜಂಭವೂ ಅವಳಿಗೆ ಸಾಕಷ್ಟಿತ್ತು. ಯಾರಾದರೂ ಅನುಮಾನದಿಂದ ತುಟಿ ಅಲ್ಲಾಡಿಸಿದರೆ, "ಲೆಕ್ಕ ಹೇಳುತ್ತೆ ಸಾರ್, ನಾನಲ್ಲ" ಎಂದು ಬಾಯಿ ಮುಚ್ಚಿಸಿಬಿಡುತ್ತಿದ್ದಳು.

ಈಗೀಗ ಮಾತ್ರ ಹೊಸ ನಕ್ಷೆ ಕೈಗೆ ಬಂದ ಕೂಡಲೇ ಅವಳು ಬೇರೆಯೇ ಒಂದು ಪ್ರಶ್ನೆ ಕೇಳುತ್ತಾಳೆ. ಈ ಕೋಣೆಯಲ್ಲಿ ಕೂರುವವರು ಯಾರು, ಅವರು ಹೇಗೆ ಮಾತಾಡುತ್ತಾರೆ? ನಕ್ಷೆ ಬರೆದವರು ಮುಖ ಮುಖ ನೋಡಿಕೊಂಡು ನಗುತ್ತಾರೆ. ನಗಲಿ. ಈ ಪ್ರಶ್ನೆ ಅವಳ ಬಾಯಿಗೆ ಬಂದದ್ದು ಹೇಗೆ ಎಂಬುದನ್ನು ಅವಳು ಯಾರಿಗೂ ಹೇಳುವವಳಲ್ಲ, ಹೇಳಲು ಮುಖವೂ ಇಲ್ಲ. ಅವಳ ಪರವಾಗಿ ಇಲ್ಲಿ ಹೇಳಿಬಿಡೋಣ.

ಮೊದಲು ಅವಳ ಅಪ್ಪನ ವಿಷಯ. ಅವರು ಬಟ್ಟೆ ಮಿಲ್ಲಿನಲ್ಲಿ ಮೇಸ್ತ್ರಿಯಾಗಿದ್ದವರು. ಸಾಲುಸಾಲು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಆ ಶೆಡ್ಡಿನಲ್ಲಿ ಮಾತಿಗಿಂತ ಕೈಸನ್ನೆಯೇ ಹೆಚ್ಚು. ನಿವೃತ್ತಿಯಾಗುವ ಹೊತ್ತಿಗೆ ಕಿವಿ ಅರ್ಧಕ್ಕರ್ಧ ಹೋಗಿತ್ತು, ಉಳಿದದ್ದು ಆಮೇಲೆ ನಿಧಾನವಾಗಿ ಹೋಯಿತು. ಅಪ್ಪನ ಸಂಕಟ ನೋಡಲಾರದೆ ಮಗಳು ಸದ್ದಿನ ವಿದ್ಯೆ ಕಲಿತಳು ಎಂದು ನೆಂಟರು ಹೇಳಿಕೊಂಡು ತಿರುಗುವುದುಂಟು. ಶುದ್ಧ ಸುಳ್ಳು. ಅವಳು ಬಯಸಿದ ವಿಭಾಗದಲ್ಲಿ ಸೀಟು ಸಿಗಲಿಲ್ಲ, ಇದರಲ್ಲಿ ಸಿಕ್ಕಿತು, ಅಷ್ಟೇ. ಆದರೂ ನೆಂಟರ ಮಾತನ್ನು ಅವಳು ಒಂದು ದಿನವೂ ತಿದ್ದಲಿಲ್ಲ. ಪುಕ್ಕಟೆ ಸಿಕ್ಕಿದ ಒಳ್ಳೆಯ ಹೆಸರನ್ನು ಬೇಡವೆನ್ನುವವರು ಯಾರು?

ಇನ್ನು ಮನೆಯಲ್ಲಿ ಆಕೆ ಹೇಗಿದ್ದಳೆಂದರೆ, ಹೊರಗಿನವರು ನಂಬುವುದಿಲ್ಲ. ಅಪ್ಪನೊಡನೆ ಮೊದಲ ಸಲ ಮಾಮೂಲಿ ದನಿಯಲ್ಲಿ ಹೇಳುವಳು. ಅಪ್ಪ "ಆಂ?" ಎಂದರೆ ದನಿ ಏರುವುದು. ಮತ್ತೆ "ಆಂ?" ಎಂದರೋ, ಹುಬ್ಬು ಗಂಟಿಕ್ಕಿ, ಕತ್ತಿನ ನರ ಉಬ್ಬಿಸಿ, ಒಂದೊಂದೇ ಅಕ್ಷರ ಬಿಡಿಸಿ ಬಿಡಿಸಿ ಎಸೆಯುವಳು, ಪಕ್ಕದ ಮನೆಯವರು ಕಿಟಕಿಗೆ ಬರಬೇಕು ಹಾಗೆ. ಅದಕ್ಕೂ ಅಪ್ಪನ ಮುಖ ಖಾಲಿಯಾಗಿಯೇ ಇದ್ದರೆ, "ಏನಿಲ್ಲ ಬಿಡಪ್ಪ" ಎಂದು ಕೈ ಬೀಸಿ ಎದ್ದು ಹೋಗುವಳು. ಅಪ್ಪ "ಹೂಂ" ಎಂದು ತಲೆಯಾಡಿಸುತ್ತಿದ್ದರು, ಎಲ್ಲ ಅರ್ಥವಾದವರ ಹಾಗೆ.

ಅವಳು ಕೆಟ್ಟವಳೇನಲ್ಲ. ಅಪ್ಪನಿಗೆ ಒಳ್ಳೆಯ ಕಿವಿಮಿಷನ್ ತಂದುಕೊಟ್ಟಿದ್ದಳು, ಅದರ ಪುಟ್ಟ ಬ್ಯಾಟರಿಯನ್ನು ತಾನೇ ಬದಲಿಸುತ್ತಿದ್ದಳು. ತಾಳ್ಮೆಯೊಂದು ಇರಲಿಲ್ಲ. ತಾಳ್ಮೆಯನ್ನೆಲ್ಲ ಆಫೀಸಿನಲ್ಲಿ ಖರ್ಚು ಮಾಡಿ ಬರುತ್ತೇನೆ ಎಂದು ಗಂಡನ ಹತ್ತಿರ ಹೇಳಿಕೊಳ್ಳುತ್ತಿದ್ದಳು. ಗಂಡ ಜಾಣ, ಉತ್ತರ ಕೊಡುತ್ತಿರಲಿಲ್ಲ.

ಆ ಹೊತ್ತಿಗೆ ಅವಳಿಗೆ ದೊಡ್ಡ ಆಸ್ಪತ್ರೆಯೊಂದರ ಕೆಲಸ ಬಂತು. ಒಂದು ಮಹಡಿಯ ತುಂಬ ಡಾಕ್ಟರುಗಳು ಕೂರುವ ಕೋಣೆಗಳು. ಚರ್ಮದ್ದು, ಕಣ್ಣಿನದ್ದು, ಮೂಳೆಯದ್ದು, ಕೊನೆಯಲ್ಲಿ ಕಿವಿಯದ್ದು. ರೋಗಿ ಒಳಗೆ ಹೇಳಿಕೊಂಡದ್ದು ಹೊರಗೆ ಕಾಯುವವರಿಗೆ ಕೇಳಿಸಬಾರದು, ಅದಕ್ಕೆ ಗೋಡೆ ಹೇಗಿರಬೇಕು ಎಂದು ಹೇಳುವುದು ಅವಳ ಪಾಲಿನ ಕೆಲಸ. ಕಿವಿ ವಿಭಾಗದಲ್ಲಿ ಶ್ರವಣ ಪರೀಕ್ಷೆ ಮಾಡುವ ಪೆಟ್ಟಿಗೆಯಂಥ ಕೋಣೆಯೊಂದಿತ್ತು. ಸೂಜಿ ಬಿದ್ದ ಸದ್ದೂ ಒಳಗೆ ಹೋಗಬಾರದು. ಅವಳ ಜೀವವೆಲ್ಲ ಆ ಪೆಟ್ಟಿಗೆಯ ಮೇಲೆ. ನೆಲಕ್ಕೆ ರಬ್ಬರಿನ ಮೆತ್ತೆ, ಗೋಡೆಯೊಳಗೆ ಗೋಡೆ, ಬಾಗಿಲಿಗೆ ಎರಡು ಸುತ್ತು ಪಟ್ಟಿ. ಮುಗಿದ ದಿನ ಒಳಗೆ ಕೂತು ಬಾಗಿಲು ಹಾಕಿಕೊಂಡರೆ ತನ್ನ ಎದೆಬಡಿತ ತನಗೇ ಕೇಳಿಸಿತೆಂದು ವಾರವೆಲ್ಲ ಹೇಳಿಕೊಂಡು ಓಡಾಡಿದಳು.

ಪೆಟ್ಟಿಗೆಯ ಪಕ್ಕದಲ್ಲಿ ಡಾಕ್ಟರಮ್ಮ ರೋಗಿಗಳನ್ನು ಮಾತಾಡಿಸುವ ಮಾಮೂಲಿ ಕೋಣೆಯೂ ಇತ್ತಲ್ಲ, ಅದಕ್ಕೆ ಪ್ರತ್ಯೇಕವಾಗಿ ತಲೆ ಕೆಡಿಸಿಕೊಳ್ಳುವುದೇನಿದೆ? ಕಂಪ್ಯೂಟರಿನಲ್ಲಿ ಚರ್ಮದ ಡಾಕ್ಟರರ ಕೋಣೆಗೆ ತುಂಬಿದ್ದ ಅಂಕಿಗಳ ಸಾಲನ್ನೇ ಹಿಡಿದು ಕೆಳಕ್ಕೆ ಎಳೆದು ಇದಕ್ಕೂ ನಕಲು ಮಾಡಿದಳು. ಒಳಗೆ ಇಬ್ಬರು, ಸಾಧಾರಣ ದನಿಯ ಮಾತು. ಹೊರಗೆ ಅದನ್ನು ಮುಚ್ಚಿಹಾಕಲು ಕಾಯುವವರ ಗುಜುಗುಜು. ಇಷ್ಟಕ್ಕೆ ಇಂಥ ಗೋಡೆ ಸಾಕು. ಎಳೆಯುವುದಕ್ಕೆ ಬೆರಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ.

ಸಾಧಾರಣ ದನಿಯಂತೆ! ಕಿವಿ ಕೇಳಿಸದವರು ಬಂದು ಕೂರುವ ಕೋಣೆಯಲ್ಲಿ! ಅಲ್ಲಿ ಡಾಕ್ಟರಮ್ಮ ಗಂಟಲು ಹರಿಯುವಂತೆ ಕೇಳಬೇಕು, ಎದುರಿಗೆ ಕೂತವರು ತಮ್ಮ ದನಿ ತಮಗೇ ಕೇಳಿಸದೆ ಅದಕ್ಕಿಂತ ಜೋರಾಗಿ ಹೇಳಬೇಕು. ಇನ್ನು ಹೊರಗೆ ಗುಜುಗುಜು ಎಲ್ಲಿಂದ ಬರಬೇಕು? ಕಿವಿ ಕೇಳಿಸದವರು ಪಕ್ಕದವರೊಡನೆ ಹರಟೆ ಹೊಡೆಯುತ್ತಾರೆಯೇ? ಜಗತ್ತಿನಲ್ಲಿ ಇದು ಹೊಳೆಯಲೇಬೇಕಾಗಿದ್ದ ಒಬ್ಬ ವ್ಯಕ್ತಿಯಿದ್ದರೆ ಅದು ಇವಳು. ದಿನ ಬೆಳಗಾದರೆ ಮನೆಯಲ್ಲಿ ಕೂಗುವವಳು ಇವಳೇ. ಆದರೆ ಆಫೀಸಿಗೆ ಹೊರಡುವಾಗ ಅಪ್ಪನನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದಳು, ಮನಸ್ಸಿನಿಂದಲೂ.

ಆಸ್ಪತ್ರೆ ಶುರುವಾಗಿ ಕೆಲವು ತಿಂಗಳಾದ ಮೇಲೆ ಕಿವಿ ಡಾಕ್ಟರಮ್ಮ ಫೋನು ಮಾಡಿದರು.

"ಮೇಡಂ, ತಪ್ಪು ತಿಳ್ಕೋಬೇಡಿ. ನಮ್ಮ ಮಾತು ಹೊರಗೆ ಹೋಗ್ತಿದೆ ಅಂತ ನನಗೆ ಅನುಮಾನ."

ಚಪ್ಪಾಳೆ ಮೇಡಮ್ಮಿಗೆ ಮೂಗಿನ ತುದಿಯಲ್ಲಿ ಕೋಪ. ಯಂತ್ರ ಹೊತ್ತುಕೊಂಡೇ ಹೋದಳು. ಕೋಣೆಯೊಳಗೆ ಸ್ಪೀಕರ್ ಇಟ್ಟು ಮಳೆ ಸುರಿದಂಥ ಸದ್ದು ಹಾಕಿದಳು, ಒಳಗೆ ಎಷ್ಟು ಹೊರಗೆ ಎಷ್ಟು ಎಂದು ಅಳೆದಳು. ಗೋಡೆ ತಡೆಯಬೇಕೆಂದು ಅವಳು ಹೇಳಿದ್ದಷ್ಟನ್ನೂ ತಡೆಯುತ್ತಿತ್ತು, ಒಂದು ಕೂದಲು ಆಚೀಚೆ ಇಲ್ಲ.

"ಗೋಡೆ ಚೆನ್ನಾಗೇ ಇದೆ ಡಾಕ್ಟರೇ. ಬಾಗಿಲು ಸರಿಯಾಗಿ ಹಾಕ್ಕೊಳ್ಳಿ ಸಾಕು" ಎಂದಳು.

ಡಾಕ್ಟರಮ್ಮ ಪಾಪ, ಸುಮ್ಮನೆ ತೊಂದರೆ ಕೊಟ್ಟೆನೆಂದು ಕ್ಷಮೆ ಕೇಳಿದರು. ಅದನ್ನೇ ಅವಳು ಮನೆಗೆ ಬಂದು ಊಟದ ಮೇಜಿನ ಮುಂದೆ ನಟಿಸಿ ತೋರಿಸಿದಳು. ಕಿವಿ ಡಾಕ್ಟರಿಗೇ ಕಿವಿ ಪರೀಕ್ಷೆ ಮಾಡಿಸಬೇಕು ಎಂದಳು. ಗಂಡ ನಕ್ಕ, ಮಗಳು ನಕ್ಕಳು. ಅಪ್ಪನೂ ನಕ್ಕರು. ನಕ್ಕಾದ ಮೇಲೆ, "ಏನಮ್ಮಾ ಅದು?" ಎಂದು ಕೇಳಿದರು. ಅವಳು ಇನ್ನೂ ನಗುತ್ತಲೇ, "ಏನಿಲ್ಲ ಬಿಡಪ್ಪ" ಎಂದಳು.

ಅಪ್ಪ ಜೊತೆಗೆ ಊಟಕ್ಕೆ ಕೂರುವುದನ್ನು ಬಿಟ್ಟದ್ದು ಆಮೇಲಿಂದ. ಹಸಿವಿಲ್ಲ, ಆಮೇಲೆ ಮಾಡುತ್ತೇನೆ ಎನ್ನುವರು. ಎಲ್ಲರೂ ಎದ್ದ ಮೇಲೆ ಅಡುಗೆಮನೆಯಲ್ಲಿ ಒಬ್ಬರೇ ನಿಂತು ಉಣ್ಣುವರು. ಕಿವಿಮಿಷನ್ ಹೆಚ್ಚಿನ ಹೊತ್ತು ಅದರ ಡಬ್ಬಿಯಲ್ಲೇ ಇರತೊಡಗಿತು. ಕಿವಿ ಪೂರ್ತಿ ಹೋಯಿತೇನೋ ಎಂದು ಅವಳಿಗೆ ಗಾಬರಿಯಾಯಿತು. ಅದೇ ಕಿವಿ ಡಾಕ್ಟರಮ್ಮನಲ್ಲಿಗೆ ಹೋಗೋಣವೆಂದರೆ ಅಪ್ಪ ಒಪ್ಪಲೊಲ್ಲರು.

"ಅಲ್ಲಿ ಹೋಗಿ ಕಿವುಡ ಅಂತ ಹತ್ತು ಜನರ ಮುಂದೆ ಕಿರುಚ್ಕೋಬೇಕಾ? ನಾನು ಬರಲ್ಲ."

ಆಗ ಅವಳು ತನ್ನ ಹತ್ತಿರವಿದ್ದ ದೊಡ್ಡ ಮಾತನ್ನು ಆಡಿದಳು. ಆಡಿದಳು ಎನ್ನುವುದಕ್ಕಿಂತ ಕೂಗಿದಳು.

"ಆ ಕೋಣೆ ಗೋಡೆ ಲೆಕ್ಕ ಹಾಕಿದ್ದು ನಾನೇ ಕಣಪ್ಪಾ! ಒಂದು ಮಾತೂ ಹೊರಗೆ ಹೋಗಲ್ಲ!"

ಅಪ್ಪನ ಮುಖ ಅರಳಿತು. "ನೀನಾ?" ಎಂದು ಎರಡು ಸಲ ಕೇಳಿದರು. ಮಾರನೆಯ ದಿನ ಮಿಲ್ಲಿಗೆ ಹೊರಡುತ್ತಿದ್ದ ಕಾಲದ ಹಾಗೆ ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅವಳಿಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದರು.

ಕಾಯುವ ಹಜಾರದಲ್ಲಿ ಕುರ್ಚಿಗಳು ತುಂಬಿದ್ದವು. ಪರೀಕ್ಷೆ ನಡೆಯುತ್ತಿರುವುದರಿಂದ ಸದ್ದು ಮಾಡಬಾರದೆಂದು ಗೋಡೆಯ ಮೇಲೆ ಬರೆದಿತ್ತು. ಟಿವಿಯಲ್ಲಿ ಚಿತ್ರ ಓಡುತ್ತಿತ್ತು, ದನಿ ಇರಲಿಲ್ಲ. ಮುದುಕರು ನೆಮ್ಮದಿಯಾಗಿ ಕೂತಿದ್ದರು. ಅವರನ್ನು ಕರೆತಂದ ಮಕ್ಕಳು, ಸೊಸೆಯರು ಮಾತ್ರ ಯಾಕೋ ನೆಲ ನೋಡುತ್ತಿದ್ದರು. ಚಪ್ಪಾಳೆ ಮೇಡಂ ಕುರ್ಚಿಗೆ ಒರಗಿ ಕೂತ ಕೂಡಲೇ ಯಾರೋ ಗಂಡಸಿನ ದನಿ ಕೇಳಿಸಿತು.

"ಹೆಂಡತಿ ಹೋದ್ಮೇಲೆ ನನಗೆ ಯಾರ ಹತ್ರನೂ ಮಾತಾಡೋಕೇ ಇಷ್ಟ ಇಲ್ಲ ಡಾಕ್ಟರೇ."

ಬಾಗಿಲು ತೆರೆದಿದೆ ಎಂದುಕೊಂಡು ಅವಳು ತಲೆಯೆತ್ತಿ ನೋಡಿದಳು. ಬಾಗಿಲು ಗಟ್ಟಿಯಾಗಿ ಮುಚ್ಚಿತ್ತು. ಸಂದಿ ಮುಚ್ಚುವ ಕೆಳಗಿನ ಪಟ್ಟಿ ನೆಲಕ್ಕೆ ಸರಿಯಾಗಿ ಅಂಟಿತ್ತು. ಅತ್ತೆಯೊಡನೆ ಬಂದಿದ್ದ ಪಕ್ಕದ ಸೊಸೆ ಇವಳ ಕಡೆ ಬಾಗಿ ನಗುತ್ತ ಪಿಸುಗುಟ್ಟಿದಳು.

"ಹೊಸಬರಾ? ಇಲ್ಲಿ ಹೀಗೇ. ಹೋದ ಸಲ ನಮ್ಮತ್ತೆ ನನ್ನ ಬಗ್ಗೆ ಹೇಳಿದ್ದಷ್ಟೂ ಇಲ್ಲೇ ಕೂತು ಕೇಳಿಸ್ಕೊಂಡೆ. ಗೋಡೆ ಕಟ್ಟಿದ ಪುಣ್ಯಾತ್ಮ ಯಾರೋ!"

ಪುಣ್ಯಾತ್ಮೆಗೆ ಕಿವಿಯವರೆಗೂ ಬಿಸಿಯಾಯಿತು. ಡಾಕ್ಟರಮ್ಮನ ಫೋನು, ತಾನು ಕೊಟ್ಟ ಉತ್ತರ, ಊಟದ ಮೇಜಿನ ನಗು, ಎಲ್ಲ ಒಟ್ಟಿಗೆ ನೆನಪಾಯಿತು. ಸ್ಪೀಕರಿನ ಸದ್ದನ್ನು ಗೋಡೆ ತಡೆದದ್ದು ನಿಜವೇ. ಎಷ್ಟು ತಡೆಯುತ್ತದೆಂದು ಅಳೆದಿದ್ದಳು, ಇಲ್ಲಿನವರು ಎಷ್ಟು ಕೂಗುತ್ತಾರೆಂದು ಅಳೆದಿರಲಿಲ್ಲ. ಇವತ್ತು ಬೇಡ, ಇನ್ನೊಂದು ದಿನ ಬರೋಣ ಎಂದು ಅಪ್ಪನ ತೋಳು ಹಿಡಿಯುವಷ್ಟರಲ್ಲಿ ನರ್ಸ್ ಬಂದು ಅವರ ಭುಜ ಮುಟ್ಟಿ ಕರೆದಳು. ಇವಳೂ ಎದ್ದಳು.

"ಜೊತೆಯವರು ಆಮೇಲೆ ಬನ್ನಿ. ಇಲ್ದಿದ್ರೆ ಅವರ ಬದಲು ನೀವೇ ಉತ್ತರ ಹೇಳ್ತೀರಾ" ಎಂದಳು ನರ್ಸ್. ಅಪ್ಪ ಒಳಗೆ ಹೋದರು. ಬಾಗಿಲು ಮುಚ್ಚಿತು.

"ಮಿಷನ್ ದಿನಾ ಹಾಕ್ಕೊಳ್ತೀರಾ?" ಡಾಕ್ಟರಮ್ಮನ ದನಿ.

"ಹಾಕ್ಕೊಳ್ತೀನಿ. ಮಗಳು ಮನೆಗೆ ಬಂದ ತಕ್ಷಣ ತೆಗೆದಿಡ್ತೀನಿ."

"ಯಾಕೆ?"

"ಕೂಗ್ತಾಳೆ. ಮಿಷನ್ ಇದ್ರೆ ಅವಳ ಕೂಗು ಚುಚ್ಚುತ್ತೆ. ಮಿಷನ್ ಇಲ್ದಿದ್ರೆ ಬರೀ ಮುಖ ಕಾಣಿಸುತ್ತೆ. ಆ ಮುಖ ನೋಡೋಕಾಗಲ್ಲ ಡಾಕ್ಟರೇ. ನನ್ನ ಕಂಡ್ರೆ ಅಷ್ಟು ಬೇಜಾರಾ ಅನ್ಸುತ್ತೆ. ತಲೆ ಬಗ್ಗಿಸ್ಕೊಂಡು ಕೂತಿರ್ತೀನಿ."

ಹಜಾರದಲ್ಲಿ ಒಂದು ಕೆಮ್ಮೂ ಇಲ್ಲ. ಅವಳೇ ಕೆಮ್ಮಿದಳು. ಬೇಕೆಂದೇ, ಜೋರಾಗಿ, ಮತ್ತೆ ಮತ್ತೆ. ಟಿವಿಯ ದನಿ ಹಾಕಿ ಎಂದು ನರ್ಸಿಗೆ ಸನ್ನೆ ಮಾಡಿದಳು, ನರ್ಸ್ ಗೋಡೆಯ ಮೇಲಿನ ಬರಹ ತೋರಿಸಿದಳು. ಎದ್ದು ಹೋಗಿ ಬಾಗಿಲು ತಟ್ಟಿದರೆ? ತಟ್ಟಿ ಏನು ಹೇಳುವುದು? ಇಲ್ಲಿಯವರೆಗೆ ಹೇಳಿದ್ದು ಹೊರಗಿನವರೆಲ್ಲರಿಗೂ ಕೇಳಿಸಿದೆ ಎಂದೇ? ಅವಳು ಕುರ್ಚಿಯ ಕೈ ಹಿಡಿದು ಕೂತೇ ಇದ್ದಳು.

"ಅವತ್ತು ಊಟಕ್ಕೆ ಕೂತಾಗ ಎಲ್ಲರೂ ಹೊಟ್ಟೆ ಹಿಡ್ಕೊಂಡು ನಗ್ತಿದ್ರು. ಏನು ಅಂತ ಗೊತ್ತಿಲ್ದೆ ನಾನೂ ನಕ್ಕೆ. ಆಮೇಲೆ ಏನಮ್ಮಾ ಅಂತ ಕೇಳ್ದೆ. ಏನಿಲ್ಲ ಬಿಡಪ್ಪ ಅಂದ್ಲು. ಆ ಮಾತು ಮಾತ್ರ ನನಗೆ ಮಿಷನ್ ಇಲ್ದೇನೂ ಗೊತ್ತಾಗುತ್ತೆ, ತುಟಿ ನೋಡಿದ್ರೆ ಸಾಕು. ಅಷ್ಟು ಸಲ ಕೇಳಿದೀನಿ. ಅವತ್ತಿಂದ ಅವರ ಜೊತೆ ಊಟಕ್ಕೆ ಕೂರಲ್ಲ."

"ಇದನ್ನ ಮಗಳಿಗೆ ಹೇಳಿದೀರಾ?"

"ಅಯ್ಯೋ, ಬೇಡಿ. ನೀವೂ ಹೇಳ್ಬೇಡಿ. ನೊಂದ್ಕೊಳ್ತಾಳೆ. ಇಲ್ಲಿ ಆದ್ರೆ ಧೈರ್ಯ ನನಗೆ. ಈ ಗೋಡೆ ಲೆಕ್ಕ ಹಾಕಿದ್ದು ಅವಳೇ, ಗೊತ್ತಾ ನಿಮಗೆ? ಒಂದು ಮಾತೂ ಹೊರಗೆ ಹೋಗಲ್ಲ ಅಂದಿದಾಳೆ. ಅವಳ ಲೆಕ್ಕ ಯಾವತ್ತೂ ತಪ್ಪಲ್ಲ."

ಪಕ್ಕದ ಸೊಸೆ ನಿಧಾನವಾಗಿ ತಿರುಗಿ ಅವಳ ಮುಖ ನೋಡಿದಳು, ಆಮೇಲೆ ಥಟ್ಟನೆ ಬೇರೆ ಕಡೆ ನೋಡಿದಳು. ಎದುರು ಸಾಲಿನ ಗಂಡಸೊಬ್ಬ ಫೋನಿನೊಳಗೆ ತಲೆ ಹುದುಗಿಸಿದ. ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಅವಳಿಗೆ. ಹಾಗೆನಿಸಿದ್ದಕ್ಕೂ ನಾಚಿಕೆಯಾಯಿತು, ಏಕೆಂದರೆ ಆ ಹೊತ್ತಿನಲ್ಲೂ ಅವಳು ಮೊದಲು ಯೋಚಿಸಿದ್ದು ತನ್ನ ಮಾನದ ಬಗ್ಗೆ. ಅಪ್ಪನದ್ದು ಹೋಗಿರುವುದು ಎರಡನೆಯದಾಗಿ ಹೊಳೆಯಿತು.

ಬಾಗಿಲು ತೆರೆದು ಅಪ್ಪ ಹೊರಗೆ ಬಂದರು. ಡಾಕ್ಟರಮ್ಮ ಮಿಷನ್ನನ್ನು ಹೊಸದಾಗಿ ಹದಗೊಳಿಸಿ ಕಿವಿಗೆ ಕೂರಿಸಿದ್ದರು. ಎದೆಯ ಭಾರ ಇಳಿಸಿಬಂದವರ ಹಾಗೆ ಅಪ್ಪನ ಮುಖ ಹಗುರವಾಗಿತ್ತು. ಹತ್ತಿರ ಬಂದು, ಹಳೆಯ ರೂಢಿ ಇನ್ನೂ ಬಿಡದೆ, ತಮ್ಮ ಲೆಕ್ಕದ ಪಿಸುದನಿಯಲ್ಲಿ, ಅಂದರೆ ಇಡೀ ಹಜಾರಕ್ಕೆ ಕೇಳುವ ಹಾಗೆ ಕೇಳಿದರು.

"ಹೊರಗೆ ಏನೂ ಕೇಳಿಸ್ಲಿಲ್ಲ ಅಲ್ವಾ?"

"ಇಲ್ಲಪ್ಪ" ಎಂದಳು ಅವಳು. ತಲೆಯನ್ನೂ ಆಡಿಸಿದಳು. ಕುರ್ಚಿಗಳಲ್ಲಿದ್ದವರೆಲ್ಲರಿಗೂ ಅದು ಸುಳ್ಳೆಂದು ಗೊತ್ತಿತ್ತು. ಇಷ್ಟಕ್ಕೇ ಮುಗಿದಿದ್ದರೆ ಅವಳು ಅಪ್ಪನನ್ನು ಕರೆದುಕೊಂಡು ಹೊರಟುಬಿಡುತ್ತಿದ್ದಳು.

ಆದರೆ ನರ್ಸ್ ಮುಂದಿನ ಹೆಸರು ಕರೆದಳು, ಪಕ್ಕದ ಸೊಸೆಯ ಅತ್ತೆ ಕೋಲೂರಿಕೊಂಡು ಎದ್ದರು. ಅಪ್ಪ ಆ ಮುದುಕಮ್ಮನಿಗೆ ದಾರಿ ಬಿಟ್ಟು, ಬಾಗಿ, ಅವರ ಕಿವಿಯ ಹತ್ತಿರ ಹೆಮ್ಮೆಯಿಂದ ಕೂಗಿ ಹೇಳಿದರು.

"ಮನಸ್ಸಲ್ಲಿರೋದನ್ನೆಲ್ಲ ಹೇಳ್ಕೊಳ್ಳಿ ತಾಯಿ, ಹೆದರ್ಬೇಡಿ! ಹೊರಗೆ ಏನೂ ಕೇಳ್ಸಲ್ಲ! ನನ್ನ ಮಗಳೇ ಕಟ್ಸಿರೋ ಗೋಡೆ!"

ಮುದುಕಮ್ಮ ನಕ್ಕು, ಇವಳ ತಲೆ ಸವರಲು ಕೈ ಎತ್ತಿದರು. ಸೊಸೆ ಕೂತಲ್ಲಿಂದಲೇ ಇವಳನ್ನು ನೋಡುತ್ತಿದ್ದಳು. ಈ ಸಲ ಅವಳ ಮುಖದಲ್ಲಿ ನಗುವಿರಲಿಲ್ಲ.

"ಕೇಳಿಸುತ್ತೆ!" ಚಪ್ಪಾಳೆ ಮೇಡಂ ಕೂಗಿದಳು, ಹುಬ್ಬು ಗಂಟಿಕ್ಕಿ, ಮನೆಯಲ್ಲಿ ಕೂಗುವ ಹಾಗೆಯೇ.

ಅಪ್ಪ ಬೆಚ್ಚಿ ಕಿವಿಗೆ ಕೈ ಹಿಡಿದರು. "ಮೆಲ್ಲಗೆ ಹೇಳಮ್ಮ. ಈಗ ಮೆಲ್ಲಗೆ ಹೇಳಿದ್ರೂ ಸಾಕು."

ಅವಳು ಅಪ್ಪನ ಎದುರು ಬಂದು ನಿಂತಳು. ಮಾಮೂಲಿ ದನಿಯಲ್ಲಿ ಅವರೊಡನೆ ಒಂದು ಮಾತು ಪೂರ್ತಿ ಆಡಿ ಎಷ್ಟು ಕಾಲವಾಗಿತ್ತೋ, ದನಿಯೇ ಸಿಗಲಿಲ್ಲ. ಆಮೇಲೆ ಸಿಕ್ಕಿತು.

"ಎಲ್ಲಾ ಕೇಳಿಸುತ್ತಪ್ಪ. ನನ್ನ ಲೆಕ್ಕ ತಪ್ಪು. ಇಲ್ಲಿ ಜನ ಜೋರಾಗಿ ಮಾತಾಡ್ತಾರೆ ಅನ್ನೋದನ್ನೇ ನಾನು ಲೆಕ್ಕಕ್ಕೆ ಹಿಡೀಲಿಲ್ಲ. ಡಾಕ್ಟರಮ್ಮ ಆಗ್ಲೇ ಹೇಳಿದ್ರು, ನಾನು ಕೇಳ್ಲಿಲ್ಲ. ಈಗ ನಿನಗೂ ಸುಳ್ಳು ಹೇಳ್ದೆ."

ಬಾಗಿಲಲ್ಲಿ ನಿಂತಿದ್ದ ಡಾಕ್ಟರಮ್ಮ ಇದನ್ನೆಲ್ಲ ಕೇಳಿಸಿಕೊಂಡರು. ಮುದುಕಮ್ಮನ ಕೈ ಹಿಡಿದು, ತಮ್ಮ ಕೋಣೆಯನ್ನು ಬಿಟ್ಟು, ಪಕ್ಕದ ಪರೀಕ್ಷೆಯ ಪೆಟ್ಟಿಗೆಯೊಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು.

"ನಾನು ಹೇಳಿದ್ದೂ ಕೇಳಿಸ್ತಾ?" ಎಂದರು ಅಪ್ಪ.

"ಹೂಂ."

"ಇವರಿಗೆಲ್ಲ?"

"ಹೂಂ ಅಪ್ಪ."

ಅಪ್ಪ ಕುರ್ಚಿಗಳ ಕಡೆ ತಿರುಗಿದರು. ಕೂತಿದ್ದ ಒಬ್ಬೊಬ್ಬರ ಮುಖವನ್ನೂ ನೋಡಿದರು. ಅಂಗಿಯ ತುದಿ ಎಳೆದು ಸರಿಮಾಡಿಕೊಂಡರು. ಅವರು ಈಗ ಹೊರಗೆ ನಡೆದುಬಿಡುತ್ತಾರೆ, ಮಿಷನ್ ಕಿತ್ತು ಕೈಗೆ ಕೊಡುತ್ತಾರೆ, ಇನ್ನೆಂದೂ ತನ್ನ ಮುಖ ನೋಡುವುದಿಲ್ಲ ಎಂದುಕೊಂಡು ಅವಳು ಕಲ್ಲಾಗಿ ನಿಂತಿದ್ದಳು. ಅಪ್ಪ ಹಾಗೇನೂ ಮಾಡಲಿಲ್ಲ. ಕೈ ಮುಗಿದರು, ಆ ಅಪರಿಚಿತರಿಗೆ.

"ನನ್ನ ಮಗಳು ಅಂಥವಳಲ್ಲ. ದಣಿದು ಬರ್ತಾಳೆ, ಅದಕ್ಕೆ ಕೂಗ್ತಾಳೆ. ನಾನೇ ಒಂದಕ್ಕೆರಡು ಸೇರಿಸಿ ಹೇಳಿದೀನಿ. ನೀವು ಯಾರೂ ಅವಳನ್ನ ತಪ್ಪು ತಿಳ್ಕೋಬೇಡಿ."

ಆಮೇಲೆ ಅವಳ ಕಡೆ ತಿರುಗಿ, ಈಗಷ್ಟೇ ಮರಳಿ ಸಿಕ್ಕಿದ ತಮ್ಮ ನಿಜವಾದ ಪಿಸುದನಿಯಲ್ಲಿ, ಅವಳಿಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು.

"ಇಷ್ಟು ಜನರ ಮುಂದೆ ನಿನ್ನ ಮಾನ ಕಳೆದ್ನಲ್ಲಮ್ಮ. ತಪ್ಪಾಯ್ತು."

ತಪ್ಪು ನಿನ್ನದಲ್ಲ ಎನ್ನಬೇಕೆಂದು ಅವಳು ಬಾಯಿ ತೆರೆದಳು. ತುಟಿ ಮಾತ್ರ ಅಲ್ಲಾಡಿತು, ದನಿ ಹೊರಡಲಿಲ್ಲ.

"ಆಂ?" ಎಂದು ಅಪ್ಪ ಅವಳ ಹತ್ತಿರಕ್ಕೆ ಬಾಗಿದರು.